ರಾಚವ್ವನ ದೊಡ್ಡಿಯ ಮುರಿಯದ ಬೇಲಿ

ಸೋಮವಾರ, ೧೩ ಸೆಪ್ಟೆಂಬರ್ ೧೯೫೪

ಮೊನ್ನೆ ಶನಿವಾರ, ಸೆಪ್ಟೆಂಬರ್ ಹನ್ನೊಂದರ ರಾತ್ರಿ, ಅಂಧೇರಿಯ ಗುಡ್ಡದ ಬುಡದಲ್ಲಿರುವ ರಾಚವ್ವನ ದೊಡ್ಡಿಯಿಂದ ಒಂದು ಆಡನ್ನು ಕದ್ದಿದ್ದಾರೆ. ಕದ್ದಿದ್ದಾರೆ ಎಂದೇ ಬರೆಯುತ್ತೇನೆ. ನಮ್ಮ ವಸಾಹತಿನ ಸೊಸೈಟಿಯ ಕಾರ್ಯದರ್ಶಿ ದಾನಪ್ಪನವರು ಬೋರ್ಡಿನ ಮೇಲೆ ‘ಚಿರತೆ ಒಯ್ದಿದೆ’ ಎಂದು ಬರೆಸಿದ್ದಾರೆ. ಚಿರತೆ ಒಯ್ದಿದ್ದರೆ ಬೇಲಿ ಮುರಿದಿರಬೇಕು. ನಾನು ಬೆಳಿಗ್ಗೆ ಛತ್ರಿ ಹಿಡಿದು ಹೋಗಿ ಸುತ್ತಲೂ ನೋಡಿ ಬಂದೆ. ಎದೆಯೆತ್ತರದ ಜಾಲಿಮುಳ್ಳಿನ ಬೇಲಿ, ಒಂದು ಕಡ್ಡಿ ಸಹ ಸರಿದಿಲ್ಲ. ಬಾಗಿಲಿನ ಅಗಳಿ ಹಾಕಿದ ಹಾಗೇ ಇದೆ. ಮಳೆ ಹೊಯ್ದು ಹೆಜ್ಜೆಯ ಗುರುತು ಉಳಿದಿಲ್ಲ. ಬಾಗಿಲು ತೆಗೆದು ಆಡನ್ನು ಹೊತ್ತು, ಹೋಗುವಾಗ ಮತ್ತೆ ಅಗಳಿ ಹಾಕುವ ಚಿರತೆಯ ವಿಷಯ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಊಟಕ್ಕೆ ಕುಳಿತಾಗ ಇದನ್ನೇ ಹೇಳಿದೆ. ಚಂದ್ರವ್ವ ರೊಟ್ಟಿ ಬಡಿಯುತ್ತಲೇ, “ಚಿರ್ತಿ ನಿಮ್ಮ ಸಾಲ್ಯಾಗ ಕಲ್ತಿಲ್ಲಲ್ಲ. ನೀವು ಓದಿದ ಪುಸ್ತಕ ಅದಕ್ಕ ಹೆಂಗ ಗೊತ್ತಿರ್ತದ?” ಎಂದಳು. ಮದುವೆಯಾದಾಗಿನಿಂದ ಇವಳದು ಇದೇ ಧಾಟಿ.

ಬೋರ್ಡಿನಲ್ಲಿ ಇನ್ನೊಂದು ಸಾಲೂ ಇದೆ. ಮತ್ತೊಮ್ಮೆ ಕಾಡುಪ್ರಾಣಿ ಬಂದರೆ ಆಡುಗಳನ್ನು ವಸಾಹತಿನಿಂದ ತೆಗೆಸಲಾಗುವುದು. ರಾಚವ್ವ ವಿಜಾಪುರದ ಕಡೆಯವಳು. ಗಂಡ ಶೆಟ್ಟೆಪ್ಪನ ಜೊತೆ ಇಲ್ಲಿಯ ಕಲ್ಲಿನ ಖಣಿಗೆ ಬಂದಳು. ಅವನು ತೀರಿಕೊಂಡ, ಧೂಳು ಕುಡಿದು ಇವಳ ಎದೆಯೂ ಕೆಟ್ಟಿತು. ಈಗ ಆಡಿನ ಹಾಲು ಮಾರಿ ಬದುಕುತ್ತಿದ್ದಾಳೆ. ಆಡು ಹೋದರೆ ಮತ್ತೆ ಖಣಿಗೇ ಹೋಗಬೇಕು, ಆ ಎದೆ ಹೊತ್ತುಕೊಂಡು. ಆದ್ದರಿಂದ ಇದು ಚಿರತೆಯ ಕೆಲಸ ಅಲ್ಲವೆಂದು ತೋರಿಸುವುದು ಅಗತ್ಯ. ತೋರಿಸುತ್ತೇನೆ.

ಬುಧವಾರ, ೧೫ ಸೆಪ್ಟೆಂಬರ್

ದೊಡ್ಡಿಗೆ ಹೊಂದಿಕೊಂಡ ಖೋಲಿಯಲ್ಲಿ ಇರುವವನು ಕೊರಗಪ್ಪ. ಉಡುಪಿಯ ಕಡೆಯವನು. ಅಂಧೇರಿ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಾನೆ. ಸಂಜೆ ಅವನ ಖೋಲಿಯ ಮುಂದೆ ಐದಾರು ಜನ ಹೋಟೆಲಿನವರು ಸೇರುತ್ತಾರೆ. ಮೊನ್ನೆ ಶನಿವಾರ ಮಾತ್ರ ಯಾರೂ ಸೇರಿರಲಿಲ್ಲ. ಯಾಕೆ ಸೇರಿರಲಿಲ್ಲ?

ಹೋಟೆಲಿನವರ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ರೇಶನ್ ಕಾಲದಲ್ಲಿ ನಾವು ಬೆಲ್ಲದ ಚಹಾ ಕುಡಿಯುತ್ತಿದ್ದಾಗ ಇವರ ಕಪಾಟಿನಲ್ಲಿ ಸಕ್ಕರೆ ಎಲ್ಲಿಂದ ಬರುತ್ತಿತ್ತು ಎಂಬುದನ್ನು ನಾನು ಮರೆತಿಲ್ಲ. ಅಂದು ಕೇಳಿದಾಗಲೂ ನಕ್ಕಿದ್ದರು.

ದಾನಪ್ಪನವರು ನಮ್ಮ ಧಾರವಾಡದ ಕಡೆಯವರು, ಕಟ್ಟಿಗೆಯ ವ್ಯಾಪಾರಿ, ತೂಕದ ಮನುಷ್ಯ. ಚಿರತೆಯ ವಿಷಯದಲ್ಲಿ ತಪ್ಪು ತಿಳಿದಿದ್ದಾರೆ, ಅಷ್ಟೇ. ವಿವರಿಸಿದರೆ ಒಪ್ಪುತ್ತಾರೆ.

ರವಿವಾರ, ೧೯ ಸೆಪ್ಟೆಂಬರ್

ಸೊಸೈಟಿಯ ಸಭೆ. ನಾನು ಎದ್ದು ನಿಂತು ಬೇಲಿಯ ವಿಷಯ, ಅಗಳಿಯ ವಿಷಯ, ಶನಿವಾರದ ವಿಷಯ ಎಲ್ಲವನ್ನೂ ಕ್ರಮವಾಗಿ ಇಟ್ಟೆ. ಕೊನೆಗೆ ಕೊರಗಪ್ಪನ ಹೆಸರು ಹೇಳಿದೆ. ಹೆಸರು ಹೇಳದೆ ಸುತ್ತುಬಳಸಿ ಮಾತಾಡುವುದು ನನ್ನ ಸ್ವಭಾವವಲ್ಲ.

ಅವನು ಹಿಂದಿನ ಸಾಲಿನಲ್ಲಿದ್ದ. ಎದ್ದು, “ಮಾಸ್ಟ್ರೇ, ನಾನು ದೋಸೆ ಹೊಯ್ಯುವವ. ಆಡು ಹೊತ್ತುಕೊಂಡು ಹೋಗಿ ನನಗೆ ಎಂತ ಮಾಡ್ಲಿಕ್ಕುಂಟು? ಮಸಾಲೆ ದೋಸೆ ಒಳಗೆ ಇಟ್ಟರೆ ಗಿರಾಕಿಗಳಿಗೆ ಗೊತ್ತಾಗುದಿಲ್ವಾ?” ಎಂದ.

ಸಭೆಯೆಲ್ಲ ನಕ್ಕಿತು. ನಗಿಸಿ ಪಾರಾಗುವುದು ಹಳೆಯ ಉಪಾಯ. ನಾನು ನಗಲಿಲ್ಲ. ಅವನ ಹೋಟೆಲಿನ ಯಜಮಾನರು ಮುಂದಿನ ಸಾಲಿನಲ್ಲಿದ್ದರು. ಅವರೂ ನಗಲಿಲ್ಲ.

ದಾನಪ್ಪನವರು, “ಮಾಸ್ತರ್ರು ಅಂದ ಮ್ಯಾಲ ಅದರಾಗ ಏನೋ ಇರತೈತಿ. ನೋಡೂಣು. ಆಡಿನ ಮಾತು ದೀಪಾವಳಿ ಮಟಾ ತಡೀಲಿ” ಎಂದರು. ರಾಚವ್ವನಿಗೆ ಅಷ್ಟು ಸಮಯ ಸಿಕ್ಕಿತು. ಹೊರಗೆ ಬಂದಾಗ ಅವಳು ನನಗೆ ಕೈಮುಗಿದಳು, ಆದರೆ ಮುಖದಲ್ಲಿ ಸಂತೋಷವಿರಲಿಲ್ಲ. “ಕೊರಗಪ್ಪ ಅಂಥಾಂವಲ್ರಿ ಯಪ್ಪಾ” ಎಂದಳು. ಬಡವರಿಗೆ ಎಲ್ಲರೂ ಒಳ್ಳೆಯವರಾಗಿಯೇ ಕಾಣುತ್ತಾರೆ.

ಶುಕ್ರವಾರ, ೨೪ ಸೆಪ್ಟೆಂಬರ್

ಹೋಟೆಲಿನ ಯಜಮಾನರು ಕೊರಗಪ್ಪನನ್ನು ದೋಸೆಯ ಕಲ್ಲಿನಿಂದ ಎಬ್ಬಿಸಿ ಹಿಂದಿನ ಮೋರಿಯಲ್ಲಿ ಪಾತ್ರೆ ತೊಳೆಯಲು ಹಾಕಿದ್ದಾರಂತೆ. ವಿಚಾರಣೆಯಿಲ್ಲದೆ ಹಾಗೆ ಮಾಡಬಾರದಿತ್ತು. ಆದರೆ ಅವರಿಗೂ ಏನೋ ಕಂಡಿರಬೇಕು.

ರವಿವಾರ, ೩ ಅಕ್ಟೋಬರ್

ನವರಾತ್ರಿ. ಕೊರಗಪ್ಪನ ತಂಡ ಹುಲಿವೇಷಕ್ಕೆ ತಯಾರಿ ನಡೆಸಿದೆ. ದೊಡ್ಡಿಯ ಪಕ್ಕದ ಬಯಲಿನಲ್ಲಿ ದಿನವೂ ಸಂಜೆಯಿಂದ ತಾಸೆ, ಡೋಲು. ಕಿವಿ ಹಾರಿಹೋಗುತ್ತದೆ. ಓದಲು ಸಾಧ್ಯವಿಲ್ಲ. ಈ ತಾಸೆಯ ನಡುವೆ ಒಂದು ಆಡು ಅರಚಿದರೆ ಯಾರಿಗೆ ಕೇಳಿಸುತ್ತದೆ? ಈ ಪ್ರಶ್ನೆ ನನ್ನನ್ನು ಬಿಟ್ಟು ಬೇರೆ ಯಾರಿಗೂ ಹೊಳೆದಂತಿಲ್ಲ.

ಪಾನನಿರೋಧದ ಈ ದಿನಗಳಲ್ಲಿ ಗುಡ್ಡದ ಸಂದಿಯಲ್ಲಿ ಭಟ್ಟಿ ಇಳಿಸುವವರಿದ್ದಾರೆ ಎಂಬುದೂ ಗೊತ್ತಿದ್ದದ್ದೇ. ತಿರುಗಾಡುವ ನೆಪದಲ್ಲಿ ಕೊರಗಪ್ಪನ ಖೋಲಿಯ ಮುಂದಿನಿಂದ ಹಾದುಹೋದೆ. ತೀಕ್ಷ್ಣವಾದ ವಾಸನೆ ಬಂತು. ನಿಂತು ನೋಡಿದೆ. ವಾರ್ನಿಷ್. ಮೈಗೆ ಹುಲಿಯ ಪಟ್ಟೆ ಬಳಿಯುವ ಬಣ್ಣಕ್ಕೆ ಬೆರೆಸುತ್ತಾರಂತೆ. ಇರಬಹುದು.

ಕೊರಗಪ್ಪ ತಾಸೆ ಬಿಗಿಯುತ್ತಿದ್ದ. “ಬನ್ನಿ ಮಾಸ್ಟ್ರೇ, ಕೂತುಕೊಳ್ಳಿ. ಒಳಗೆ ಆಡು ಇಲ್ಲ, ನೋಡಿ ಹೋಗಿ” ಎಂದ. ನೋಡಿದೆ. ಇರಲಿಲ್ಲ.

ಈ ಅವಧಿಯಲ್ಲಿ ದೊಡ್ಡಿಯಿಂದ ಏನೂ ಹೋಗಿಲ್ಲ. ಸಹಜ. ಕಳ್ಳನ ಕೈ ಎರಡೂ ತಾಸೆಯ ಮೇಲಿದ್ದಾಗ ಕಳ್ಳತನ ಹೇಗಾಗುತ್ತದೆ?

ಮಂಗಳವಾರ, ೧೨ ಅಕ್ಟೋಬರ್

ದಸರೆ ಮುಗಿದರೂ ತಾಸೆ ಮುಗಿಯಲಿಲ್ಲ. ದೀಪಾವಳಿಗೆ ವಡಾಲದಲ್ಲಿ ಕುಣಿತವಿದೆಯಂತೆ, ಅದಕ್ಕೆ ಅಭ್ಯಾಸ. ದಾನಪ್ಪನವರ ಬಳಿ ದೂರು ಕೊಟ್ಟೆ. ಅವರು ತಡಮಾಡಲಿಲ್ಲ, ಇಂದಿನಿಂದ ತಾಸೆ ಬಂದ್. ನಾನು ಹೇಳಿದ್ದು ಇಷ್ಟು ಬೇಗ ಕಾರ್ಯರೂಪಕ್ಕೆ ಬಂದದ್ದು ಬಹಳ ವರ್ಷಗಳಲ್ಲಿ ಇದೇ ಮೊದಲು.

ಸಂಜೆ ಎಷ್ಟು ಶಾಂತವಾಗಿತ್ತೆಂದರೆ ದೊಡ್ಡಿಯಲ್ಲಿ ಆಡುಗಳು ಮೆಲುಕು ಹಾಕುವುದೂ ಕೇಳುವಂತಿತ್ತು. ಒಂದು ಪುಸ್ತಕ ಅರ್ಧ ಓದಿದೆ.

ಶನಿವಾರ, ೧೬ ಅಕ್ಟೋಬರ್

ಎರಡು ಆಡು ಹೋಗಿವೆ. ಒಂದೇ ರಾತ್ರಿ. ಬೇಲಿ ಮುರಿದಿಲ್ಲ.

ಸೇಡು ತೀರಿಸಿಕೊಂಡಿದ್ದಾನೆ. ಬೇರೆ ಅರ್ಥವೇ ಇಲ್ಲ. ನಾಳೆ ಬೆಳಿಗ್ಗೆ ನಾನೇ ಹೋಗಿ ಇಂಚಿಂಚು ನೋಡುತ್ತೇನೆ.

ರವಿವಾರ, ೧೭ ಅಕ್ಟೋಬರ್

ಹೋದೆ. ರಾಚವ್ವ ದೊಡ್ಡಿಯ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಬೇಲಿಯ ಸುತ್ತ ಬಗ್ಗಿ ಬಗ್ಗಿ ನೋಡಿದೆ. ಮುಳ್ಳು ಕೈಗೆ ಚುಚ್ಚಿತು. ಏನೂ ಸಿಗಲಿಲ್ಲ. ಕಾಗೆಗಳು ಬಹಳ ಗದ್ದಲ ಮಾಡುತ್ತಿದ್ದವು, ಅವುಗಳನ್ನು ಓಡಿಸಲು ಕಲ್ಲೆತ್ತಿ ಮೇಲೆ ನೋಡಿದೆ.

ಗುಡ್ಡದ ಏರಿನಲ್ಲಿ ಒಂದು ಹಳೆಯ ಮಾವಿನ ಮರವಿದೆ. ಅದರ ಒಂದು ದಪ್ಪ ಕೊಂಬೆ ದೊಡ್ಡಿಯ ಮೇಲೆಯೇ ಚಾಚಿದೆ. ಕವಲಿನಲ್ಲಿ ಆಡಿನ ಹಿಂಗಾಲುಗಳು ಜೋತುಬಿದ್ದಿದ್ದವು. ಉಳಿದದ್ದು ಇರಲಿಲ್ಲ. ಕಾಂಡದ ತೊಗಟೆಯಲ್ಲಿ ಉಗುರಿನ ಗೀರುಗಳಿದ್ದವು. ಹೊಸವೂ ಇದ್ದವು, ಹಳೆಯವೂ ಇದ್ದವು.

ರಾಚವ್ವನನ್ನು ಕರೆದು ತೋರಿಸಿದೆ. ಅವಳು ಕಾಂಡದ ಬಳಿ ಹೋಗಿ ಗೀರುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, “ನಮ್ಮ ಕಡೆ ತೋಳಕ್ಕ ಬೇಲಿ ಹಾಕತೀವ್ರಿ ಯಪ್ಪಾ. ತೋಳ ನೆಲದ ಮ್ಯಾಲ ಬರತೈತಿ. ಸುತ್ತ ಮುಳ್ಳ ಬಿಗಿದರ ಮುಗೀತು. ಗಿಡಾ ಏರು ಪ್ರಾಣಿ ನಮ್ಮ ಎರಿಹೊಲದಾಗ ಎಲ್ಲಿ ಐತಿ? ಏರಾಕ ಗಿಡಾನs ಇಲ್ಲಲ್ರಿ” ಎಂದಳು.

ಬಯಲುಸೀಮೆಯ ದೊಡ್ಡಿ. ಸುತ್ತ ಕೋಟೆ, ಮೇಲೆ ಆಕಾಶ. ನಾನೂ ಅದೇ ಸೀಮೆಯಲ್ಲಿ ಬೆಳೆದವನು. ನಾನೂ ಬೇಲಿಯನ್ನೇ ನೋಡಿದೆ.

ಸೋಮವಾರ, ೧೮ ಅಕ್ಟೋಬರ್

ಇಂದು ಓದಲಿಲ್ಲ. ಚಂದ್ರವ್ವ ಏನಾಯಿತೆಂದು ಕೇಳಿದಳು. ಹೊಟ್ಟೆ ಸರಿಯಿಲ್ಲ ಎಂದೆ.

ಮಂಗಳವಾರ, ೧೯ ಅಕ್ಟೋಬರ್

ಅಂಧೇರಿ ಸ್ಟೇಷನ್ನಿನ ಕಡೆ ಕೆಲಸವಿತ್ತು. ಹೋಟೆಲಿನ ಹಿಂಬಾಗಿಲಿಗೆ ಹೋದೆ. ಕೊರಗಪ್ಪ ಮೊಣಕೈವರೆಗೆ ಬೂದಿ ಮಾಡಿಕೊಂಡು ಹಂಡೆ ತಿಕ್ಕುತ್ತಿದ್ದ. ಮರದ ವಿಷಯ ಹೇಳಿದೆ. ತಾಸೆ ಬಾರಿಸಿದ ದಿನಗಳಲ್ಲಿ ಆಡು ಹೋಗಿಲ್ಲ, ನಿಂತ ಮೇಲೆ ಹೋಗಿವೆ ಎಂಬುದನ್ನೂ ಹೇಳಿದೆ. ಇದು ನನ್ನದೇ ಟಿಪ್ಪಣಿಗಳಿಂದ ಸ್ಪಷ್ಟವಾಗುತ್ತದೆ.

ಅವನು ಹಂಡೆ ಬೋರಲು ಹಾಕಿ, “ಹಾಗಾದ್ರೆ ಕಳ್ಳ ಯಾರೂಂತ ಗೊತ್ತಾಯ್ತಲ್ಲ ಮಾಸ್ಟ್ರೇ. ಅದನ್ನು ಸಭೆಯಲ್ಲಿ ಹೇಳಿ. ಇಲ್ಲಿ ಮೋರಿ ಹತ್ತಿರ ಹೇಳಿದ್ರೆ ನಮ್ಮ ಯಜಮಾನರಿಗೆ ಕೇಳುದಿಲ್ಲ” ಎಂದ.

ಸಂದರ್ಭ ಬಂದಾಗ ಹೇಳುತ್ತೇನೆ ಎಂದೆ.

“ಬರ್ಲಿ ಬರ್ಲಿ. ಮಳೆಗಾಲದಲ್ಲಿ ಲೋಕಲ್ ಸಹ ಬರ್ತದೆ, ಕಾಯುವವ ಪ್ಲಾಟ್‌ಫಾರ್ಮಿನಲ್ಲೇ ಇದ್ರೆ.”

ಒರಟು ಮಾತು. ಆದರೂ ದೊಡ್ಡಿಗೆ ಏನು ಮಾಡಬಹುದು ಎಂದು ಕೇಳಿದೆ. ಅವನು ಇನ್ನೊಂದು ಹಂಡೆ ಎಳೆದುಕೊಂಡು, “ರಾಚವ್ವಕ್ಕನಿಗೋಸ್ಕರ ಹೇಳುದು, ನಿಮಗೋಸ್ಕರ ಅಲ್ಲ” ಎಂದು ಮೊದಲೇ ಸ್ಪಷ್ಟಪಡಿಸಿದ. ಅವರ ಊರಿನಲ್ಲಿ ಗಿಡುಗ ಎರಗದಂತೆ ಕೋಳಿಯ ಗೂಡಿನ ಮೇಲೆ ಹಳೆಯ ಬಲೆ ಕಟ್ಟುತ್ತಾರಂತೆ. ವೆಸಾವೆಯ ಕೋಳಿಗಳು, ಅಂದರೆ ಅಲ್ಲಿಯ ಮೀನುಗಾರರು, ಹರಿದ ಬಲೆಗಳನ್ನು ದಂಡೆಯಲ್ಲಿ ಬಿಸಾಡಿರುತ್ತಾರೆ.

ಬಲೆ ಚಿರತೆಯನ್ನು ಹಿಡಿಯುವುದೇ ಎಂದು ಕೇಳಿದೆ.

“ಹಿಡಿಯುದು ಯಾಕೆ? ಹಿಡಿದ್ರೆ ಬಿಡಿಸ್ಲಿಕ್ಕೆ ನೀವು ಬರ್ತೀರಾ? ಕಾಲಿಟ್ಟಲ್ಲಿ ಅಲ್ಲಾಡಿ, ಡಬ್ಬ ಗಲಗಲ ಅಂದ್ರೆ ಅದಕ್ಕೆ ಮನಸ್ಸು ಬರುದಿಲ್ಲ. ಅಷ್ಟೇ ಸಾಕು.”

ರವಿವಾರ, ೨೪ ಅಕ್ಟೋಬರ್

ಇಡೀ ದಿನ ಕೆಲಸ. ಕೊರಗಪ್ಪ ಮತ್ತು ನಾನು ಮಾವಿನ ಕೊಂಬೆ ಕಡಿದೆವು. ಬಲೆ ತಂದು ದೊಡ್ಡಿಯ ಮೇಲೆ ನಾಲ್ಕು ಮೂಲೆಗೂ ಬಿದಿರು ನೆಟ್ಟು ಬಿಗಿದೆವು. ಬಲೆಯ ವಾಸನೆಗೆ ಆಡುಗಳು ಒಂದರ ಹಿಂದೊಂದು ಸೀನಿದವು. “ಚಿರ್ತಿ ಬರೂದಕ್ಕಿಂತ ಮೊದಲ ನನ್ನ ಆಡs ಓಡಿ ಹೋಗತಾವು” ಎಂದು ರಾಚವ್ವ ನಕ್ಕಳು. ಅವಳು ನಕ್ಕದ್ದನ್ನು ನಾನು ಈ ಒಂದೂವರೆ ತಿಂಗಳಲ್ಲಿ ನೋಡಿರಲಿಲ್ಲ. ನಕ್ಕ ಮೇಲೆ ಕೆಮ್ಮು ಬಂದು ಬಹಳ ಹೊತ್ತು ಕೂತಳು.

ಚಂದ್ರವ್ವ ಮನೆಯಲ್ಲಿದ್ದ ಖಾಲಿ ಡಬ್ಬಗಳನ್ನೆಲ್ಲ ತಂದು ಕಟ್ಟಿದಳು. ನನ್ನ ಬಿಸ್ಕೀಟಿನ ಡಬ್ಬವನ್ನೂ ಬಿಡಲಿಲ್ಲ.

ಕತ್ತಲಾಗುವ ಹೊತ್ತಿಗೆ ತಾಸೆ ಬಾರಿಸಬೇಕೆಂದು ಗೊತ್ತುಮಾಡಿಕೊಂಡಿದ್ದೇವೆ. ಕೊರಗಪ್ಪನಿಗೆ ಹೋಟೆಲಿನಿಂದ ಬರಲು ತಡವಾದ ದಿನ ನಾನು ಬಾರಿಸಬೇಕಂತೆ. ತಾಸೆಯನ್ನು ನಿಲ್ಲಿಸಿದ ಅಪ್ಪಣೆ ಇನ್ನೂ ಬೋರ್ಡಿನ ಮೇಲಿದೆ. ಅಂಥ ಅಪ್ಪಣೆ ಹೊರಡಿಸುವ ಮೊದಲು ಅದರ ಪರಿಣಾಮವನ್ನು ಯೋಚಿಸಬೇಡವೇ? ನಾನು ಆ ಹಾಳೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಶುಕ್ರವಾರ, ೨೯ ಅಕ್ಟೋಬರ್

ತಾಸೆಯ ಕಡ್ಡಿಗಳನ್ನು ನಾನು ಹಿಡಿಯುವ ರೀತಿ ತಪ್ಪಂತೆ. “ಮಾಸ್ಟ್ರೇ, ಇದು ಶಾಲೆಯ ಗಂಟೆ ಅಲ್ಲ. ಹೀಗೆ ಹೊಡೆದ್ರೆ ಚಿರತೆ ಸ್ಲೇಟು ಹಿಡಿದುಕೊಂಡು ಬಂದೀತು” ಎಂದ ಕೊರಗಪ್ಪ. ಮಣಿಕಟ್ಟು ಸಡಿಲ ಬಿಡಬೇಕು. ಇಂದು ಸ್ವಲ್ಪ ಬಂತು.

ಗುರುವಾರ, ೪ ನವೆಂಬರ್

ಬಂದಿತ್ತು. ನಸುಕಿನಲ್ಲಿ ಡಬ್ಬಗಳ ಸದ್ದು ಕೇಳಿತೆಂದು ರಾಚವ್ವ ಹೇಳಿದಳು. ಬೆಳಿಗ್ಗೆ ಕೊರಗಪ್ಪ ಮತ್ತು ನಾನು ನೋಡಿದೆವು. ಮಾವಿನ ಕಾಂಡದ ಮೇಲೆ ಅರ್ಧದವರೆಗೆ ಹೊಸ ಗೀರು, ಬಲೆಯ ಒಂದು ಅಂಚು ತಗ್ಗಿದೆ, ಕೆಳಗೆ ಕೆಸರಿನಲ್ಲಿ ಗುಡ್ಡದತ್ತ ಮರಳಿದ ಹೆಜ್ಜೆ. ತಟ್ಟೆಯಷ್ಟು ಅಗಲವಿರಬಹುದೆಂದು ಎಣಿಸಿದ್ದೆ. ಚಹಾದ ಬಶಿಯಷ್ಟೂ ಇರಲಿಲ್ಲ.

ಎಲ್ಲ ಆಡುಗಳೂ ಇದ್ದವು. ಒಂದು ಆಡು ಡಬ್ಬದ ದಾರ ಅಗಿಯುತ್ತಿತ್ತು.

ರವಿವಾರ, ೭ ನವೆಂಬರ್

ದೀಪಾವಳಿಯ ಗಡುವು ಮುಗಿಯಿತು. ದಾನಪ್ಪನವರು ತಮ್ಮ ಸ್ನೇಹಿತರೊಬ್ಬರನ್ನು ಕರೆದುಕೊಂಡು ದೊಡ್ಡಿಯ ಬಳಿ ಬಂದಿದ್ದರು. ಶಿಕಾರಿಯವರಂತೆ. ಕಾಕಿ ಟೊಪ್ಪಿಗೆ, ಬಂದೂಕಿನ ಚೀಲ. ಅವರು ಮರವನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೆಲವನ್ನು ನೋಡಿದರು. ಗುಡ್ಡದ ಬುಡದಲ್ಲಿ ಕಟ್ಟಿಗೆ ಒಟ್ಟುವಷ್ಟು ಸಪಾಟಾಗಿರುವ ಜಾಗ ಇದೊಂದೇ. ಇದನ್ನು ಗಮನಿಸಿದವನು ನಾನೊಬ್ಬನೇ ಇರಲಾರೆ.

“ಮಾಸ್ತರ್ರ, ಎರಡ ದಿನ ಈ ಬಡಿಯೂದು ನಿಲ್ಲಸ್ರಿ. ಬಲೀನೂ ತಗೀರಿ” ಎಂದರು ದಾನಪ್ಪನವರು.

ಯಾಕೆ ಎಂದೆ.

“ಅಲ್ರೀ, ಅದು ಬರಲಿಲ್ಲಂದ್ರ ಸಾಹೇಬ್ರು ಹೊಡಿಯೂದು ಯಾರನ್ನ?”

ಬರದಿದ್ದರೆ ಹೊಡೆಯುವುದೇಕೆ ಎಂದು ಕೇಳಿದೆ. ದಾನಪ್ಪನವರು ಕೆಟ್ಟ ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ನೋಡುವಂತೆ ನನ್ನನ್ನು ನೋಡಿದರು. ರಾಚವ್ವ ಅವರೆದುರು ಸೆರಗು ಹೊದ್ದು ನಿಂತು, “ನನ್ನ ಆಡಿನ ಮ್ಯಾಲಿನ ಬಲಿ ನಾ ತಗ್ಯಾಂಗಿಲ್ರಿ ಸಾವ್ಕಾರ್ರ” ಎಂದಳು. ಮೆಲ್ಲಗೇ ಹೇಳಿದಳು, ಆದರೆ ಎಲ್ಲರಿಗೂ ಕೇಳಿತು.

ದಾನಪ್ಪನವರು ಧಾರವಾಡದ ಕಡೆಯವರು ಎಂಬುದಕ್ಕೆ ನಾನು ಇಷ್ಟು ಬೆಲೆ ಏಕೆ ಕೊಟ್ಟೆನೋ.

ಗುರುವಾರ, ೧೧ ನವೆಂಬರ್

ನಿನ್ನೆ ರಾತ್ರಿ ಬಲೆ ಕತ್ತರಿಸಿದ್ದಾರೆ. ಗುಡ್ಡದ ಕಡೆಯ ಇಡೀ ಅಂಚನ್ನು. ಹಲ್ಲಿನಿಂದ ಹರಿದಿದ್ದರೆ ನೂಲು ಕೆದರಿರುತ್ತಿತ್ತು. ಇದು ಚಾಕುವಿನ ಕೆಲಸ. ಡಬ್ಬಗಳನ್ನು ಬಿಚ್ಚಿ ಒಂದು ಪಕ್ಕಕ್ಕೆ ಸಾಲಾಗಿ ಇಟ್ಟಿದ್ದಾರೆ. ಸಾವಕಾಶವಾಗಿ ಮಾಡಿದ ಕೆಲಸ. ರಾಚವ್ವ ಮೂರು ದಿನದ ಜ್ವರದಲ್ಲಿ ಮಲಗಿದ್ದಳು. ಕೊರಗಪ್ಪ ವಡಾಲದಲ್ಲಿ ತನ್ನ ಅಕ್ಕ ಸೇವಂತಿಯ ಮನೆಗೆ ಹೋಗಿದ್ದ. ನಾನು ಕತ್ತಲಾದಾಗ ತಾಸೆ ಬಾರಿಸಿ ಮನೆಗೆ ಬಂದು ಮಲಗಿದ್ದೆ.

ಗುಂಡಿನ ಸದ್ದು ಎಲ್ಲರಿಗೂ ಕೇಳಿದೆ. ಗುಂಡು ಬಿದ್ದದ್ದು ರಾಚವ್ವನ ಹಿರಿಯ ಆಡಿಗೆ. ಬೇರೆಲ್ಲ ಆಡುಗಳು ಅದರ ಹಿಂದೆಯೇ ಹೋಗುತ್ತಿದ್ದವು, ನಮ್ಮ ಮನೆಗೆ ಬರುತ್ತಿದ್ದ ಹಾಲೂ ಅದರದೇ. ಚಿರತೆಗೆ ಗಾಯವಾಗಿದೆ, ಹೆದರಿ ಓಡಿತು ಎಂದು ಬೋರ್ಡಿನ ಮೇಲೆ ಬರೆದಿದ್ದಾರೆ. ಗುಡ್ಡದ ದಾರಿಯುದ್ದಕ್ಕೂ ಒಂದು ಹನಿ ರಕ್ತವಿಲ್ಲ. ಎರಡನೆಯ ಸಾಲಿನಲ್ಲಿ, ಪುನಃ ಕಾಡುಪ್ರಾಣಿ ಬಂದಿರುವುದರಿಂದ ಆಡುಗಳನ್ನು ರವಿವಾರದ ಸಭೆಯ ನಂತರ ತೆಗೆಸಲಾಗುವುದು ಎಂದಿದೆ.

ಚಂದ್ರವ್ವ, “ಮತ್ತ ಯಾರ ಹೆಸರು ಹೇಳ್ತೀರಿ ಈ ಸಲ?” ಎಂದು ಕೇಳಿದಳು.

ಬಲೆ ಕತ್ತರಿಸುವಾಗ ನಾನು ನೋಡಿಲ್ಲ. ನೋಡದ್ದನ್ನು ಹೇಗೆ ಹೇಳಲಿ? ಕೇಳುತ್ತೇನೆ, ಅಷ್ಟೇ ಎಂದೆ. ಅವಳು ನನ್ನನ್ನು ಏನೋ ವಿಚಿತ್ರವಾಗಿ ನೋಡಿ, ರೊಟ್ಟಿಗೆ ಬೆಣ್ಣೆ ಹೆಚ್ಚು ಹಾಕಿದಳು. ಕಾರಣ ತಿಳಿಯಲಿಲ್ಲ.

ರವಿವಾರ, ೧೪ ನವೆಂಬರ್

ಸಭೆ. ಕತ್ತರಿಸಿದ ಬಲೆಯನ್ನು ಹೆಗಲ ಮೇಲೆ ಹೊತ್ತೊಯ್ದು ಮೇಜಿನ ಮೇಲೆ ಇಟ್ಟೆ. ಮೀನಿನ ವಾಸನೆಗೆ ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ಇದನ್ನು ಯಾರು ಕತ್ತರಿಸಿದರು, ಯಾರ ಅಪ್ಪಣೆಯಿಂದ ಎಂದು ಕೇಳಿದೆ.

ದಾನಪ್ಪನವರು ನಗುತ್ತಲೇ ಎದ್ದರು. “ಮಾಸ್ತರ್ರ, ಹಿಂದಕ ಇದs ಜಾಗಾದಾಗ ನಿಂತು ಕಳ್ಳ ಇವನs ಅಂತ ಕೊರಗಪ್ಪನ ತೋರಿಸಿದ್ರಿ. ತಾಸೆ ನಿಲ್ಲಸ್ರಿ ಅಂತ ನನ್ನ ಮನೀಗೆ ಬಂದವರೂ ನೀವs. ಇವತ್ತ ನಮ್ಮನ್ನ ಕೇಳಾಕ ಹತ್ತೀರಿ. ಮೊದಲ ನಿಮ್ಮ ಉತ್ತರಾ ಕೊಡ್ರಿ.”

ಜನ ನಕ್ಕರು. ನಾನು, “ಹೌದು. ನೋಡದೆ ಹೆಸರು ಹೇಳಿದ್ದೆ, ತಪ್ಪು. ತಾಸೆ ನಿಲ್ಲಿಸಿದ್ದೂ ನನ್ನ ಮಾತಿನಿಂದಲೇ, ಎರಡು ಆಡು ಹೋದದ್ದು ಅದರಿಂದಲೇ. ಕೊರಗಪ್ಪ ಕಳ್ಳನಲ್ಲ. ಅವರ ಯಜಮಾನರು ಇಲ್ಲೇ ಕೂತಿದ್ದಾರೆ, ಕೇಳಿಸಿಕೊಳ್ಳಲಿ. ನನ್ನ ಉತ್ತರ ಮುಗಿಯಿತು. ಈಗ ತಮ್ಮದು” ಎಂದೆ.

ನಗು ನಿಂತಿತು. ಹಿಂದಿನ ಸಾಲಿನಿಂದ ಕೊರಗಪ್ಪ, “ಲೋಕಲ್ ಬಂತು” ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿತು. ಇದರಲ್ಲಿ ಹೆಚ್ಚು ಬರೆಯುವಂಥದ್ದೇನಿಲ್ಲ. ಮುಖ್ಯ ವಿಷಯ ಬಲೆ.

ದಾನಪ್ಪನವರು ಕಮಿಟಿಯ ಕೋಣೆಯಲ್ಲಿ ಕೂತು ಮಾತಾಡೋಣ ಎಂದರು. ರಾಚವ್ವ ನೆಲದ ಮೇಲಿಂದಲೇ, “ಗುಂಡು ಬಯಲಾಗ ಹೊಡದೀರಿ, ಮಾತು ಯಾಕ ಕ್ವಾಣ್ಯಾಗ?” ಎಂದಳು. ಅದಾದ ಮೇಲೆ ಕೋಣೆಯ ಮಾತು ಯಾರೂ ಎತ್ತಲಿಲ್ಲ. ಉತ್ತರ ಸಿಗುವವರೆಗೆ ಆಡುಗಳನ್ನು ಮುಟ್ಟಬಾರದು ಎಂದು ನಾನು ಸೂಚಿಸಿದೆ, ಕೊರಗಪ್ಪ ಅನುಮೋದಿಸಿದ. ಕೈಗಳು ಎದ್ದವು. ಹೋಟೆಲಿನ ಯಜಮಾನರ ಕೈ ಕೊನೆಗೆ ಎದ್ದಿತು, ಆದರೆ ಎದ್ದಿತು.

ಸಂಜೆ ಮತ್ತೆ ಬಲೆ ಹೊಲಿದು ಕಟ್ಟಿದ್ದೇವೆ.

ಕಾರ್ಯದರ್ಶಿಗಳು ವಾರದ ಸಮಯ ಕೇಳಿದ್ದಾರೆ. ಕೊಟ್ಟಿದ್ದೇವೆ. ಬರುವ ರವಿವಾರ ಅವರು ಬಯಲಿನಲ್ಲಿ, ಎಲ್ಲರೆದುರು ಎದ್ದು ನಿಲ್ಲಬೇಕು. ಮುರಿಯದ ದೊಡ್ಡಿಯ ಮೇಲಿನ ಬಲೆ ಯಾರ ಮಾತಿನಿಂದ ಕತ್ತರಿಸಲ್ಪಟ್ಟಿತು? ಜ್ವರದಲ್ಲಿ ಮಲಗಿದ್ದ ಹೆಂಗಸಿನ ಆಡುಗಳನ್ನು ಅವಳನ್ನು ಕೇಳದೆ ಬಂದೂಕಿನ ಮುಂದೆ ಬಲಿಗೆ ಇಟ್ಟವರು ಯಾರು? ಬಲೆಗೆ ಹೆದರಿ ಹಿಂತಿರುಗುತ್ತಿದ್ದ ಪ್ರಾಣಿಯನ್ನು ಕರೆಸಿಕೊಂಡದ್ದು ಯಾವ ಕಾರಣಕ್ಕೆ? ಬೋರ್ಡಿನ ಮೇಲಿನ ಬರಹ ಉತ್ತರವಲ್ಲ. ರಾಚವ್ವ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ, ಅವಳ ಮುಖ ನೋಡಿ ಹೇಳಲಿ.